ಹಣಿಗಿ

ಚಂಪಾನ ತಲಿಯಾಗ ಹೇನು ಕಂಡ ದಿನ
ನಮ್ಮತ್ತಿ ರಾಚವ್ವ ಪಂಚಾಯ್ತಿ ಮುಗಿಸೇ ಬಿಟ್ಲು:
"ಹಾಜರಬಿ ಎಮ್ಮಿ ಗ್ವಾಡಿಗೆ ಮೈ ತಿಕ್ಕತೈತಿ,
ಗ್ವಾಡಿ ಹತ್ತಿ ಬಂದಾವ. ಮತ್ತೆಲ್ಲಿಂದ ಬರತಾವ?"
ಗ್ವಾಡಿ ಒಂದ. ಆಕಡೆ ಎಮ್ಮಿ, ಈಕಡೆ ನನ್ನ ಕುಣಿಮಗ್ಗ.
ಬನಹಟ್ಟಿಯ ಈ ಓಣಿಯಾಗ
ಯಾರ ಮಗ್ಗ ಯಾವ ಸೀರಿ ನೇಯತೈತಿ ಅಂತ
ಸಪ್ಪಳದ ಮ್ಯಾಲೆ ಹೇಳತಾರ;
ಯಾವ ಹೇನು ಯಾರದು ಅನ್ನೂದು ಮಾತ್ರ
ಯಾರೂ ನೋಡಿ ಹೇಳಿದವರಲ್ಲ.

ನಾ ನೋಡಿದೆ.
ಸೊಸೈಟಿಯವರು ಕೊಟ್ಟ ನೂಲೆಣಿಸೂ ಗಾಜು ಐತಿ ನನ್ನ ಹತ್ತರ,
ಅಂಗುಲಕ್ಕ ಎಷ್ಟು ಎಳಿ ಅಂತ ಲೆಕ್ಕ ಹಾಕೂದು.
ಕಟ್ಟಿ ಮ್ಯಾಲೆ ಬಿಳೀ ಅರಿವಿ ಹಾಸಿ
ಎರಡನ್ನೂ ಮಗ್ಗಲಕ್ಕ ಮಗ್ಗಲ ಇಟ್ಟೆ.

ಎಮ್ಮೀದು ಹಾಜರಬಿನ ಕಿತ್ತುಕೊಟ್ಲು, ಬಾಲದ ಬುಡದಿಂದ.
"ವರಾ ನೋಡಾಕ ಕುಂತೀಯೇನ?" ಅಂತ ನಕ್ಕಳು.
ಎಳ್ಳಿನಕಿಂತ ದೊಡ್ಡದು, ಬೂದಿ ಬಣ್ಣ,
ಅಗಲ ಹೊಟ್ಟಿ, ಚೂಪ ಮೂತಿ,
ಕಾಲತುದಿಗೆ ಕೊಕ್ಕಿ.
ಎಮ್ಮಿ ಕೂದಲಾ ಅಂದ್ರ ಹುರಿ;
ಹುರಿಗೆ ತಕ್ಕ ಕೊಕ್ಕಿ.

ಚಂಪಾಂದು ಸಣ್ಣದು. ಕುಡಿದ ರಕ್ತ ಒಳಗ ಕಾಣತೈತಿ.
ಕೊಕ್ಕಿ ಎಂಬತ್ತರ ನೂಲಿಗೆ ಹೇಳಿ ಮಾಡಿಸಿದಂಗ.
ಎಮ್ಮಿ ಮೈಮ್ಯಾಲೆ ಬಿಟ್ರ ಏನ ಹಿಡಕೊಂಡೀತು?
ಜೋಲಿ ಹೊಡದು ಬೀಳತೈತಿ.
ಅದು ಇಲ್ಲಿ ಬಂದ್ರ ಅದರ ಗತಿನೂ ಅಷ್ಟ:
ಒಂದು ಹಗಲು, ಒಂದು ರಾತ್ರಿ,
ಹಸಕೊಂಡು ಸಾಯತೈತಿ.

ಕೋಳೀದು ಬ್ಯಾರೇ ಜಾತಿ. ಅದಕ್ಕ ರಕ್ತ ಬ್ಯಾಡ,
ಪುಚ್ಚ ಕಡಕೊಂಡು ತಿಂತೈತಿ.
ತತ್ತಿ ತಗಿಯಾಕ ಹೋದ ಕೈಮ್ಯಾಲೆ ಹತ್ತಿ
ಸಂತ್ಯಾಗ ತಪ್ಪಿಸಿಕೊಂಡ ಕೂಸಿನಂಗ ಓಡ್ಯಾಡಿ
ಉದರಿ ಹೋಗತೈತಿ.

ಆಡಿಂದು ನೋಡಾಕ ಆಗಲಿಲ್ಲ. ಒದ್ದು ಹೋತು ಆಡು.

ಅಷ್ಟೊತ್ತಿಗೆ ಅತ್ತಿಗೆ ಕೂರಿ ನೆನಪಾತು.
ಅಕಿ ಸಣ್ಣಾಕಿದ್ದಾಗ ಕೌದಿ ಹೊಲಿಗ್ಯಾಗ
ಸಾಲ ಹಿಡದು ಕುಂತಿರತಿದ್ದುವಂತ,
ಹಂಡೇದಾಗ ಬೂದಿ ನೀರು ಹಾಕಿ ಕುದಿಸತಿದ್ರಂತ.
ತಲಿಗೆ ಬರೂದಿಲ್ಲ ಕೂರಿ; ಅರಿವಿ ಬಿಟ್ಟು ಅದಕ್ಕ ಊರಿಲ್ಲ.
ನಾನು ಮಗ್ಗದ ಕಡೆ ನೋಡಿದೆ.
ಮನಷ್ಯಾ ನೇಯೂಕಿಂತ ಮೊದಲ ಎಲ್ಲಿತ್ತು ಇದು?
ನಮ್ಮ ಹಿರೇರು ಯಾರೋ ಮೊದಲನೇ ಲಾಳಿ ಒಗದ ದಿನ
ಇದಕ್ಕೂ ಒಂದು ಮನಿ ಕಟ್ಟಿಕೊಟ್ಟಂಗಾತು,
ಕೂಲಿ ಕೇಳದ.

"ಹಂಗಾರ ಎಮ್ಮೀದಲ್ಲ," ಅಂದ್ಲು ಅತ್ತಿ, ಸೋತವರ ದನಿಯಾಗ.
"ಮತ್ತ ಯಾರ ತಲೀದು?"
ಹಾರೂದಿಲ್ಲ ಅದು, ಜಿಗಿಯೂದಿಲ್ಲ.
ನಡಕೊಂಡ ಹೋಗಬೇಕು
ಒಂದು ಕೂದಲದಿಂದ ಇನ್ನೊಂದಕ್ಕ,
ತಲಿಗೆ ತಲಿ ಹತ್ತಿದಷ್ಟು ಹೊತ್ತಿನಾಗ.

ಚಂಪಾ ನೆಲಾ ನೋಡಾಕತ್ತಿದ್ಲು.
ಗ್ವಾಡಿ ಆಕಡೆ ಜೈತೂನ ತಲಿ ಕೆರಕೊಳ್ಳೂ ಸಪ್ಪಳ.
ಕರೆಂಟ್ ಹೋದ ರಾತ್ರಿ ಮಾಳಗಿ ಮ್ಯಾಲೆ
ಒಂದ ಮೊಬೈಲಿನ ಬೆಳಕಿನಾಗ ಎರಡು ಜಡಿ,
ಏನ ಓದತಿದ್ರೋ, ಏನಕ್ಕ ನಗತಿದ್ರೋ.
ಗ್ವಾಡಿ ಕಟ್ಟಿದವರಿಗೆ ಮಾಳಗಿ ನೆನಪಿರಲಿಲ್ಲ.

ಐತವಾರ ಇಬ್ಬರನ್ನೂ ಒಂದ ಕಟ್ಟಿ ಮ್ಯಾಲೆ ಕುಂದರಿಸಿ
ಬೇವಿನೆಣ್ಣಿ ಹಚ್ಚಿ ಸಣ್ಣ ಹಣಿಗಿ ಹಿಡದೆ.
ಮಗ್ಗದ್ದೂ ಹಣಿಗಿ, ತಲೀದೂ ಹಣಿಗಿ,
ಎಳಿ ಬಿಟ್ಟು ಮಿಕ್ಕದ್ದನ್ನ ತಡೀಬೇಕು, ಅಷ್ಟ ಕೆಲಸ.
ಸೀರು ಮಾತ್ರ ಬರಲೊಲ್ಲುವು,
ಹಾಸಿಗೆ ಗಂಜಿ ಕುಡಿಸಿದಂಗ ಅಂಟ್ಯಾವ.
ಹಾಜರಬಿ ನನ್ನ ಹಿಂದ ಕುಂತು
ಕೇಳದನ ನನ್ನ ಜಡಿ ಬಿಚ್ಚಿದ್ಲು.
"ನಿನಗೂ ಅದಾವ," ಅಂದ್ಲು.

ಎಂದು ಹತ್ತಿದುವು ಅಂತ ತಿಳೀಲಿಲ್ಲ.
ಆಮ್ಯಾಲೆ ನೆನಪಾತು: ನಮ್ಮವ್ವ ಸತ್ತ ಸುದ್ದಿ ಬಂದ ರಾತ್ರಿ
ತೇರದಾಳಕ್ಕ ಹೋಗೂ ಟಂಟಂದಾಗ
ಅಕಿ ತಲಿಗೆ ನನ್ನ ತಲಿ ಆನಿಸಿ
ದಾರಿತುಂಬ ಅತ್ತಿದ್ದೆ.

ಅತ್ತಿಗೆ ಹೇಳಲಿಲ್ಲ.
ಅತ್ತಿ ಒಳಗ, ಯಾರಿಗೂ ಕಾಣದಂಗ,
ಸೆರಗಿನಾಗ ಕೈ ಹಾಕಿ
ತಲಿ ಕೆರಕೊಳ್ಳಾಕತ್ತಿದ್ಲು.